ಬೇಕೆಂದೇ ಮಾಡಿದ ತಪ್ಪು

ಕಳೆದ ವಾರ ಸರಿಯಾಗಿದ್ದ ಪ್ರೋಗ್ರಾಮೊಂದನ್ನು ಬೇಕೆಂದೇ ಕೆಡಿಸಿದೆ. (ಇದಕ್ಕೆ ನನಗೆ ಸಂಬಳವನ್ನೂ ಕೊಡುತ್ತಾರೆ!)

ಬಸ್ ಟಿಕೆಟಿನ ಆ್ಯಪ್ ಅದು. ಅರುವತ್ತು ತುಂಬಿದವರಿಗೆ ರಿಯಾಯಿತಿ ಎಂದಿತ್ತು. ತುಂಬದವರಿಗೆ ಎಂದು ತಿರುಗಿಸಿದೆ. ತಪ್ಪು ಹಿಡಿಯಲೆಂದೇ ಬರೆದಿಟ್ಟ ನಮ್ಮ ಟೆಸ್ಟುಗಳನ್ನೆಲ್ಲ ಮತ್ತೆ ಓಡಿಸಿದರೆ ಎಲ್ಲವೂ ಪಾಸ್!

ಇದಕ್ಕೆ ಮ್ಯುಟೇಶನ್ ಟೆಸ್ಟಿಂಗ್ ಎನ್ನುತ್ತಾರೆ. ಪರೀಕ್ಷೆ ಸಾಫ್ಟ್‌ವೇರಿಗಲ್ಲ, ಅದನ್ನು ಕಾಯುವ ಟೆಸ್ಟುಗಳಿಗೆ. ಒಂದು ಸಣ್ಣ ತಪ್ಪು ತುರುಕಿ ನೋಡುವುದು. ಟೆಸ್ಟು ಬೊಬ್ಬೆ ಹೊಡೆದರೆ ಸರಿ. ಸುಮ್ಮನಿದ್ದರೆ? ಕಳ್ಳ ಬಂದರೂ ಬೊಗಳದ ನಾಯಿ ಅದು.

ಮೆಲ್ಕಾರಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಕುಳಿತು ಮಾಡುವ ಕೆಲಸ ಇದು. ಕೆಲವು ದಿನ ನನ್ನ ಸ್ವರ ನಾನೇ ಕೇಳಿರುವುದಿಲ್ಲ. ನನ್ನನ್ನು ಯಾರಾದರೂ ಗಮನಿಸುತ್ತಾರೆಯೇ? ಪರೀಕ್ಷಿಸಿಯೇ ಬಿಡುವ ಎನಿಸಿತು.

ಮುಂಡಾಜೆಯಲ್ಲಿರುವ ಅಕ್ಕನಿಗೆ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ 'ಶುಭೋದಯ, ಚೆನ್ನಾಗಿದ್ದೇನೆ' ಎಂದು ಕಳಿಸುತ್ತೇನೆ. ಅವಳದ್ದೂ ಅಂಥದ್ದೇ ಒಂದು ಬರುತ್ತದೆ. ಇಬ್ಬರೂ ಹೆಬ್ಬೆಟ್ಟಿನ ಚಿತ್ರ ಒತ್ತಿದರೆ ಅಲ್ಲಿಗೆ ಅಕ್ಕ-ತಂಗಿಯ ಮಾತುಕತೆ ಮುಗಿಯಿತು. ಅವತ್ತು ಬದಲಿಸಿದೆ: 'ಶುಭೋದಯ, ಚೆನ್ನಾಗಿಲ್ಲ.'

ಬಂತು ಹೆಬ್ಬೆಟ್ಟು!

ಮೈಯೆಲ್ಲ ಉರಿಯಿತು. ಒಡಹುಟ್ಟಿದವಳಿಗೇ ಬೇಡವಾದೆನೇ? ಅವಳ ಅಸಡ್ಡೆಗೆ ಇನ್ನಷ್ಟು ಸಾಕ್ಷಿ ಬೇಕೆಂದು ಹಳೆಯ ಮೆಸೇಜುಗಳನ್ನು ಜಾಲಾಡಿದೆ. ಸಿಕ್ಕಿದ್ದು ಅವಳದೇ, ಎರಡು ವಾರ ಹಿಂದಿನದು:

'ಶುಭೋದಯ. ಎದೆಯಲ್ಲಿ ಸಣ್ಣ ಗಂಟು ಉಂಟು. ಗುರುವಾರ ಮಂಗಳೂರಿಗೆ ಸ್ಕ್ಯಾನಿಂಗಿಗೆ ಹೋಗ್ಲಿಕ್ಕುಂಟು. ಒಬ್ಬಳೇ ಹೆದರಿಕೆ ಆಗ್ತದೆ. ಒಂಬತ್ತಕ್ಕೆ ಬಿ.ಸಿ.ರೋಡಿನಲ್ಲಿ ಇಳೀತೇನೆ, ನೀನೂ ಬರ್ತೀಯಾ?'

ಕೆಳಗೆ ನನ್ನ ಹೆಬ್ಬೆಟ್ಟು.

ಓದಿದ ನೆನಪೇ ಇಲ್ಲ. ಕೂಡಲೇ ಫೋನ್ ಮಾಡಿ ಸ್ಕ್ಯಾನಿಂಗ್ ಏನಾಯಿತೆಂದು ಕೇಳಿದೆ.

"ಗಂಟಿನಿಂದ ಏನೂ ತೊಂದರೆ ಇಲ್ಲ ಅಂತ ರಿಪೋರ್ಟು ಬಂತು, ಹೆದರ್ಬೇಡ" ಎಂದಳು ಅಕ್ಕ. "ನೀನು ಬರ್ತಿ ಅಂತ ಎಣಿಸಿದ್ದೆ ಮಾರಾಯ್ತಿ, ಹೆಬ್ಬೆಟ್ಟು ಹಾಕಿದ್ದಿಯಲ್ಲ!"

"ಒಂದು ಫೋನ್ ಮಾಡ್ಬಾರ್ದಿತ್ತಾ ಅಕ್ಕ?"

"ಮೀಟಿಂಗಿನಲ್ಲಿದ್ದೀಯೋ ಏನೋ ಅಂತ ಮಾಡ್ಲಿಲ್ಲ. ಬಸ್‌ಸ್ಟ್ಯಾಂಡಲ್ಲೇ ನಿಂತಿದ್ದೆ. ಏಳೆಂಟು ಬಸ್ಸು ಬಿಟ್ಟೆ."

ಬಿ.ಸಿ.ರೋಡು ನನ್ನ ಮನೆಯಿಂದ ಹತ್ತು ನಿಮಿಷದ ದಾರಿ. ನಾನು ಆಗ ಏನು ಮಾಡುತ್ತಿದ್ದೆ? ಟೆಸ್ಟುಗಳನ್ನು ಬೈಯುತ್ತಿದ್ದಿರಬೇಕು.

ಅಕ್ಕ ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. "ನಿನಗೇನು ಮಾರಾಯ್ತಿ, ಸ್ವರ ಹೀಗ್ಯಾಕೆ ಉಂಟು?" ಎಂದು ಕೇಳಿದಳು.

ಅಷ್ಟು ಬಸ್ಸು ಬಿಟ್ಟು, ಕೊನೆಗೆ ಒಬ್ಬಳೇ ಹತ್ತಿ ಹೋದವಳಿಗೆ ಯಾವ ಬಾಯಲ್ಲಿ ಹೇಳಲಿ, ನನ್ನನ್ನು ಯಾರೂ ಗಮನಿಸುವುದಿಲ್ಲ ಎಂದು?