ಗುಂಡಿ ಚಿಕ್ಕಮ್ಮನ ತಂಪು ದೀಪ

ಬೀದಿಯವರೆಲ್ಲ ಅವಳನ್ನು ಗುಂಡಿ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಅಂಗಿಗೆ ಗುಂಡಿ ಹಾಕುವುದರಲ್ಲಿ ಅವಳದು ಎತ್ತಿದ ಕೈ. ಅಂಗಡಿಯೂ ರಸ್ತೆಗಿಂತ ತಗ್ಗಿನಲ್ಲಿ, ಮೆಟ್ಟಿಲಿಳಿದು ಹೋಗಬೇಕಾದ ಗುಂಡಿಯಲ್ಲೇ ಇತ್ತು. ಹಾಗಾಗಿ ಹೆಸರು ಎರಡು ಅರ್ಥಕ್ಕೂ ಒಪ್ಪುತ್ತಿತ್ತು. ಹರಿದದ್ದು, ಸವೆದದ್ದು, ಬಿಗಿಯಾದದ್ದು ಎಲ್ಲವೂ ಅಲ್ಲಿಗೆ ಬಂದು ಸರಿಯಾಗಿ ಹೋಗುತ್ತಿದ್ದವು.

ಆ ಕೋಣೆಗೆ ಕಿಟಕಿಯಿರಲಿಲ್ಲ. ಹೊಲಿಗೆ ಯಂತ್ರದ ಮೇಲೆ ಹಳೆಯ ಕಾಲದ ಬಲ್ಬೊಂದು ನೇತಾಡುತ್ತಿತ್ತು. ಎತ್ತರಕ್ಕೆ ಕಟ್ಟಿದರೆ ಸೂಜಿಯ ಕಣ್ಣು ಕಾಣದು, ಕೆಳಗಿಳಿಸಿದರೆ ನೆತ್ತಿ ಕಾದ ಕಾವಲಿ. ಚಿಕ್ಕಮ್ಮ ತಲೆಗೆ ಒದ್ದೆ ಟವೆಲು ಸುತ್ತಿಕೊಂಡೇ ಯಂತ್ರ ತುಳಿಯುತ್ತಿದ್ದಳು. ಬಸ್ಸು ಓಡಿಸಿ ನಿವೃತ್ತನಾಗಿದ್ದ ಗಂಡ ಮೆಟ್ಟಿಲ ಮೇಲಿಂದಲೇ ಬಗ್ಗಿ ನೋಡಿ, "ಏನೇ, ಬೆಂದ್ಯಾ? ಇಲ್ಲ ಇನ್ನೂ ಸ್ವಲ್ಪ ಹೊತ್ತು ಬೇಕಾ?" ಎಂದು ಕೀಟಲೆ ಮಾಡುತ್ತಿದ್ದ. ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ.

ನಡುವೆ ಒಮ್ಮೆ ಟ್ಯೂಬ್‌ಲೈಟೂ ಬಂದಿತ್ತು. ಅದು ಮಿಟಿಮಿಟಿ ಮಾಡಿ, ಯೋಚಿಸಿ, ಗುಂಯ್‌ಗುಟ್ಟಿ ಹತ್ತುವಷ್ಟರಲ್ಲಿ ಗಿರಾಕಿಯ ತಾಳ್ಮೆ ಕೆಡುತ್ತಿತ್ತು. "ನಮ್ಮನೇಲಿ ಒಂದು ಟ್ಯೂಬ್‌ಲೈಟ್ ಇದೆಯಲ್ಲ, ಸಾಕು" ಎಂದು ಗಂಡನ ಕಡೆ ಕಣ್ಣು ಹಾಯಿಸಿ, ಚಿಕ್ಕಮ್ಮ ಅದನ್ನು ತೆಗೆಸಿಬಿಟ್ಟಿದ್ದಳು.

ಒಂದು ಬೆಳಗ್ಗೆ ಬ್ಯಾಂಡ್ ಮೇಷ್ಟ್ರು ಕೋಟುಗಳ ಗಂಟು ಹೊತ್ತು ಬಂದರು. ಮೊಣಕೈ ಸವೆದಿದ್ದ ಆ ಕೋಟುಗಳನ್ನು ಚಿಕ್ಕಮ್ಮನೇ ಹಿಂದಿನ ವಾರ ಹೊಲಿದು ಕೊಟ್ಟಿದ್ದಳು.

"ಚಿಕ್ಕಮ್ಮಾ, ಸ್ವಲ್ಪ ಬಿಸಿಲಿಗೆ ಬನ್ನಿ" ಎಂದರು ಮೇಷ್ಟ್ರು.

ಅವಳು ಮೇಲೆ ಬಂದು ನೋಡಿದಳು. ಕಡುನೀಲಿ ಕೋಟಿನ ಮೊಣಕೈ ತುಂಬ ಕಪ್ಪು ದಾರ ಎದ್ದು ಕಾಣುತ್ತಿತ್ತು! ಚಿಕ್ಕಮ್ಮನ ಮುಖ ಸಪ್ಪಗಾಯಿತು. "ಅಯ್ಯೋ, ನನ್ನ ಕಣ್ಣೇ ಹೋಯ್ತೇನೋ" ಎಂದು ಎದೆ ಹಿಡಿದುಕೊಂಡು ತಮ್ಮನಿಗೆ ಫೋನು ಮಾಡಿದಳು. ಎಲೆಕ್ಟ್ರಿಷಿಯನ್ ತಮ್ಮ ಬಂದು ಕೋಟನ್ನೂ ಬಲ್ಬನ್ನೂ ನೋಡಿ ನಕ್ಕ.

"ನಿನ್ನ ಕಣ್ಣು ಗಟ್ಟಿಯಾಗೇ ಇದೆ ಅಕ್ಕ. ಈ ಹಳದಿ ಬೆಳಕಲ್ಲಿ ಕಡುನೀಲಿ, ಕಪ್ಪು ಎರಡೂ ಅವಳಿ ಜವಳಿ ಥರ ಕಾಣುತ್ತೆ. ಎಲ್‌ಇಡಿ ಹಾಕ್ತೀನಿ ತಾಳು."

ಅವನು ಹಾಕಿದ ಮೊದಲ ದೀಪ ಅಂಗಡಿಯನ್ನೆಲ್ಲ ನೀಲಿಗಟ್ಟಿಸಿತು. "ಬೇಡಪ್ಪಾ, ಇದರಲ್ಲಿ ನಿನ್ನ ಮುಖ ನೋಡಿದ್ರೆ ಆಂಬುಲೆನ್ಸ್ ಕರೀಬೇಕು ಅನ್ಸುತ್ತೆ" ಎಂದಳು ಚಿಕ್ಕಮ್ಮ.

"ಎಲ್‌ಇಡಿ ಅಂದ್ರೆ ಎಲ್ಲಾ ಒಂದೇ ಅಲ್ಲ ಅಕ್ಕ" ಎನ್ನುತ್ತ ಅವನು ಬಣ್ಣವನ್ನು ಇದ್ದ ಹಾಗೆ ತೋರಿಸುವ ಇನ್ನೊಂದನ್ನು ತಂದು ಹಾಕಿದ. ಸ್ವಿಚ್ ಒತ್ತಿದ್ದೇ ತಡ, ಬೆಳಕು! ಚಿಕ್ಕಮ್ಮ ಎರಡು ದಾರದುಂಡೆ ಹಿಡಿದು ನೋಡಿದಳು. ಇದು ನೀಲಿ, ಇದು ಕಪ್ಪು. ಅನುಮಾನವೇ ಇಲ್ಲ. ಆಮೇಲೆ ಹೆದರುತ್ತಲೇ ದೀಪದ ಹತ್ತಿರ ಕೈ ಹಿಡಿದಳು.

"ಲೋ, ಇದು ಕೆಟ್ಟುಹೋಗಿದೆಯೇನೋ! ಬಿಸಿನೇ ಬರ್ತಿಲ್ಲ!"

"ಹಳೇ ಬಲ್ಬು ಕುಡಿದ ಕರೆಂಟಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬರೀ ಬಿಸಿ ಮಾಡೋದ್ರಲ್ಲೇ ಹಾಳು ಮಾಡ್ತಿತ್ತು. ಇದು ಕುಡಿಯೋದೂ ಕಮ್ಮಿ, ಬಾಳಿಕೆನೂ ಜಾಸ್ತಿ. ನಿನ್ನ ಮಿಷನ್ ಎಷ್ಟು ಅದುರಿದ್ರೂ ಒಳಗೆ ಕಡಿದುಹೋಗೋಕೆ ಹಳೇ ಬಲ್ಬಿನಲ್ಲಿದ್ದಂಥ ಸಣ್ಣ ತಂತಿನೇ ಇಲ್ಲ."

ಕೋಟುಗಳ ಹೊಲಿಗೆ ಬಿಚ್ಚಬೇಕಿತ್ತು. ಕೋಣೆ ತಂಪಾಗಿದೆಯೆಂದು ಕೇಳಿದ ಗಂಡ ಮೆಲ್ಲಗೆ ಮೆಟ್ಟಿಲಿಳಿದು ಬಂದ. "ಕೊಡೇ, ನಾನೂ ಬಿಚ್ತೀನಿ" ಎಂದು ಪಕ್ಕದಲ್ಲೇ ಕೂತ. ಬಿಚ್ಚುವುದು ಬಂತು ಎಂದಾದ ಮೇಲೆ ಉಮೇದು ಏರಿ, ಕೋಟನ್ನು ತೊಡೆಯ ಮೇಲೆ ಹಾಸಿಕೊಂಡು ಒಂದು ಸಡಿಲ ಗುಂಡಿಯನ್ನೂ ಬಿಗಿಯಾಗಿ ಹೊಲಿದ. ಕೋಟು ಕೊಡಲು ಎತ್ತಿದರೆ, ಅದಕ್ಕೆ ಹೊಲಿದುಕೊಂಡಿದ್ದ ಅವನ ಪ್ಯಾಂಟೂ ಜೊತೆಗೇ ಮೇಲೆದ್ದಿತು!

"ರೀ, ಬೆಳಕು ಬಂದ್ರೂ ನೀವು ಅದೇ ಟ್ಯೂಬ್‌ಲೈಟೇ!" ಚಿಕ್ಕಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನೂ ನಕ್ಕ.

ಬ್ಯಾಂಡಿನವರು ಬಂದು ಕೋಟು ತೊಟ್ಟು ಬಿಸಿಲಲ್ಲಿ ನಿಂತರು. ಡೋಲು ಬಾರಿಸುವವರು ಮೊಣಕೈ ಎತ್ತಿ ತೋರಿಸಿದರು. ನೀಲಿ ದಾರದಲ್ಲಿ ತಾನು ಮತ್ತೆ ಎಲ್ಲಿ ಹೊಲಿದೆನೆಂದು ಚಿಕ್ಕಮ್ಮನಿಗೇ ಗೊತ್ತಾಗಲಿಲ್ಲ. ಮೇಷ್ಟ್ರು ಕೈ ಬೀಸಿದ್ದೇ ತಡ, ಅಂಗಡಿಯ ಎದುರಿಗೇ ಒಂದು ಕುಣಿಯುವ ಹಾಡು ಶುರುವಾಯಿತು.

ಈಗ ಗಂಡನಿಗೂ ಅಂಗಡಿಯಲ್ಲಿ ಒಂದು ಸ್ಟೂಲು ಬಂದಿದೆ. ಬೆಳಗ್ಗೆ ಚಿಕ್ಕಮ್ಮನಿಗಿಂತ ಮುಂಚೆ ಅವನೇ ಹೋಗಿ ಬಾಗಿಲು ತೆಗೆಯುತ್ತಾನೆ.