ನೀರಿಗೆ ಬಂದ ರೋಗ

ನಮ್ಮತ್ತಿಗೆ, ಅಂದರೆ ಅಣ್ಣನ ಹೆಂಡತಿ, ಇಪ್ಪತ್ತು ವರ್ಷದಿಂದ ಬೆಳೆರೋಗದ ಲ್ಯಾಬಿನಲ್ಲಿದ್ದಾರೆ. ಗೋಧಿ, ಜೋಳದ ಎಲೆ ಅರೆದು, ಅದರೊಳಗೆ ವೈರಸ್ಸಿನ ವಂಶವಾಹಿ ಅಡಗಿದೆಯೇ ಎಂದು ಪತ್ತೆ ಹಚ್ಚುವ ಕೆಲಸ. ಕಣ್ಣಿಗೆ ಕಂಡದ್ದನ್ನು ನಂಬುವ ಹೆಂಗಸಲ್ಲ. ಹಾಲು ಉಕ್ಕಿ ಒಲೆಯೆಲ್ಲ ಹರಿದರೂ "ಉಕ್ಕಿದ್ದು ಹಾಲೇ ಅಂತ ಹೇಗೆ ಹೇಳ್ತೀಯಾ?" ಎಂದಾರು.

ಎಲೆರಸದ ಕೊಳವೆಗಳ ಸಾಲಿನಲ್ಲಿ ಕೊನೆಯದಕ್ಕೆ ಅವರು ಬರೀ ನೀರು ಹಾಕುತ್ತಾರೆ. ಯಂತ್ರವು ವೈರಸ್ಸಿನ ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡಿದ ಮೇಲೆ ರೋಗವಿದ್ದ ಎಲೆಗೆ ಹೊಳೆಯುವ ಗೆರೆ ಮೂಡುತ್ತದೆ. ನೀರಿಗೆ ಮಾತ್ರ ಮೂಡಬಾರದು; ಮೂಡಿದರೆ ಪರೀಕ್ಷೆಯೇ ಕೆಟ್ಟಿತೆಂದು ಅರ್ಥ. "ನೀರಿಗೂ ನೆಗಡಿ ಆಗುತ್ತಾ ಅತ್ತಿಗೆ?" ಎಂದು ನಾನು ರೇಗಿಸದ ವರ್ಷವಿಲ್ಲ.

"ನಗು, ನಗು. ನಿನಗೂ ಒಂದಿನ ಬರುತ್ತೆ."

ಬಂತು. ಬಿತ್ತನೆ ಬೀಜಕ್ಕೆಂದು ಬೆಳೆದಿದ್ದ ನನ್ನ ಗೋಧಿ ಹಳದಿಗೆ ತಿರುಗಿತು. ವೈರಸ್ಸೆಂದು ವರದಿ ಬಂದರೆ ಇಡೀ ಬೆಳೆಯನ್ನು ಉತ್ತು ಮಣ್ಣಿಗೆ ಸೇರಿಸಬೇಕು. ಆರು ಕಡೆಯಿಂದ ಎಲೆ ಕಿತ್ತುಕೊಂಡು, ಅಳುಮುಖ ಹೊತ್ತು ಲ್ಯಾಬಿಗೆ ಓಡಿದೆ.

ಸಂಜೆಗೆ ಫಲಿತಾಂಶ ಬಂತು. ಏಳು ಕೊಳವೆ, ಏಳು ಗೆರೆ. ಅಯ್ಯೋ ದೇವರೇ, ನೀರಿಗೂ ರೋಗ! ನಗೋಣವೆಂದರೆ ಬಾಯಿ ಒಣಗಿತ್ತು.

ಮೇಲಧಿಕಾರಿ ಇಣುಕಿ ನೋಡಿದರು. "ಎಲೆ ನೋಡಿದ್ರೇ ಗೊತ್ತಾಗುತ್ತಲ್ರೀ. ನೀರಿಂದು ಬಿಟ್ಟು ವರದಿ ಕಳ್ಸಿ. ವರದಿಗೆ ನಾಳೆ ಕೊನೇ ದಿನ."

ಅತ್ತಿಗೆ ತಮ್ಮ ಕೋಟಿನ ತೋಳನ್ನೇ ನೋಡುತ್ತ ನಿಂತಿದ್ದರು. ಅಲ್ಲಿ ಎಲೆ ಅರೆಯುವ ಕೋಣೆ ಬೇರೆ, ಗೆರೆ ನೋಡುವ ಕೋಣೆ ಬೇರೆ. ಗೆರೆ ನೋಡುವ ಕೋಣೆಯ ಕೋಟು ತೊಟ್ಟು ಎಲೆ ಅರೆಯುವಲ್ಲಿಗೆ ಕಾಲಿಟ್ಟವರ ಗ್ರಹಚಾರ ಬಿಡಿಸುತ್ತಿದ್ದವರು ಇದೇ ಅತ್ತಿಗೆ. ಅವತ್ತು ನಾದಿನಿಯಾದ ನನ್ನ ಮುಖ ನೋಡಿದ ಗಡಿಬಿಡಿಯಲ್ಲಿ ತಾವೇ ಕೋಟು ಬದಲಿಸದೆ ನುಗ್ಗಿದ್ದರು. ಹಳೆಯ ಪರೀಕ್ಷೆಯ ವೈರಸ್ ತುಣುಕುಗಳು ತೋಳಿಗಂಟಿ ಬಂದು ಎಲ್ಲ ಕೊಳವೆಗೂ ಸೇರಿದ್ದವು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿತ್ತಂತೆ!

"ಕಳ್ಸಲ್ಲ ಸಾರ್. ತಪ್ಪು ನಂದು. ಎಲೆ ಇನ್ನೂ ಉಳಿದಿದೆ, ನಾಳೆ ಮೊದಲಿಂದ ಮಾಡ್ತೀನಿ," ಎಂದರು. ಅದನ್ನೇ ಎಲ್ಲರೂ ಓದುವ ರಿಜಿಸ್ಟರಿನಲ್ಲಿ ದಪ್ಪಕ್ಷರದಲ್ಲಿ ಬರೆದರು. ಕಿವಿ ಕೆಂಪಾಗಿತ್ತು. ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಆ ಕೋಟನ್ನು ಮುಟ್ಟಲು ಹೆದರಿಕೆ.

ಮರುದಿನ ಮಧ್ಯಾಹ್ನ ನಾನು ಹೊಲದಲ್ಲೇ ಇದ್ದೆ. ಫೋನ್ ಬಂತು. ನನ್ನ ಗೋಧಿ ಏನಾಯಿತೆಂದು ಕೇಳಬೇಕಿತ್ತು, ಬಾಯಿಗೆ ಬಂದದ್ದು ಬೇರೆ.

"ಅತ್ತಿಗೆ, ಮೊದ್ಲು ನೀರು ಹೇಗಿದೆ ಹೇಳಿ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು.

"ನೀರು ಚೆನ್ನಾಗಿದೆ ಕಣೇ. ನಿನ್ನ ಗೋಧಿಗೂ ವೈರಸ್ ಇಲ್ಲ. ಗೊಬ್ಬರ ಹಾಕೋಕೆ ಕೈ ಬರದೆ ಉಪವಾಸ ಕೆಡವಿದ್ದೀಯ, ಅದಕ್ಕೇ ಹಳದಿ."

ನಾನು ಬದುವಿನ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತೆ.

"ಅಳ್ಬೇಡ್ವೇ," ಎಂದರು ಅತ್ತಿಗೆ. ಅವರ ದನಿಯೂ ನೆಟ್ಟಗಿರಲಿಲ್ಲ. "ಇಪ್ಪತ್ತು ವರ್ಷ ಆಯ್ತು. ನೀರು ಹೇಗಿದೆ ಅಂತ ಕೇಳಿದವಳು ನೀನೊಬ್ಬಳೇ."