ಕಾಲರಿನ ಬ್ರಾಂದಿ

ಮರ್ಯಾದೆ ಎನ್ನುವುದು ತಲೆಮಾರುಗಟ್ಟಲೆ ಬೆವರು ಸುರಿಸಿ ಕಟ್ಟುವ ಆಸ್ತಿ ಎಂದು ಹಿರಿಯರು ಹೇಳುತ್ತಾರೆ. ಹೇಳಲಿ. ಅದನ್ನು ಕಳೆದುಕೊಳ್ಳಲು ಒಂದು ಕ್ವಾರ್ಟರ್ ಬ್ರಾಂದಿ ಸಾಕು, ಕುಡಿಯಲೇಬೇಕೆಂದೂ ಇಲ್ಲ.

ಮೊನ್ನೆ ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಬರುವಾಗ ಬಸ್ಸಿನಲ್ಲಿ ಒಬ್ಬ ಮಹಾಶಯ ಪಕ್ಕಕ್ಕೆ ಬಂದು ಕೂತ. ಬೆಳಗಿನ ಹೊತ್ತಿಗೇ ಆ ಘಮಲು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನನಗೆ ಮಾತ್ರ, ಒಂದು ಹನಿಯನ್ನೂ ಬಾಯಿಗೆ ಸೋಕಿಸದ ನಮ್ಮ ಡ್ರಿಲ್ ಮೇಷ್ಟ್ರು ನೆನಪಾದರು...

ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದಾಗ ಅವರು ನನ್ನ ಸಹೋದ್ಯೋಗಿ. ಪಕ್ಕದ ಮನೆಯವರು ಕೂಡ. ನಡುವೆ ಒಂದೇ ಗೋಡೆ. ಸುಣ್ಣದ ಪುಡಿಯಲ್ಲಿ ಅವರು ಎಳೆಯುತ್ತಿದ್ದ ಖೋಖೋ ಅಂಕಣದ ಗೆರೆ ನನ್ನ ವ್ಯಾಕರಣಕ್ಕಿಂತ ನೇರವಾಗಿರುತ್ತಿತ್ತು. ನಲವತ್ತು ದಾಟಿದ ಮೇಲೆ ಆ ಗೆರೆ ಸೊಟ್ಟಗಾಗತೊಡಗಿತು. ಆಮೇಲೆ ನಡಿಗೆ. ಆಮೇಲೆ ನಾಲಿಗೆ...

"ಮೇಷ್ಟ್ರೇ, ಇವತ್ತು ಲೆಫ್ಟಾ, ರೈಟಾ?" ಎಂದು ವಿಜ್ಞಾನದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕಣ್ಣು ಹೊಡೆಯುವರು.

"ಎರಡೂ ಸಾರ್, ಒಟ್ಟೊಟ್ಟಿಗೆ," ಎಂದು ಇವರೂ ನಗುವರು.

ಅವರ ತಂದೆಗೂ ಹೀಗೇ ಆಗಿತ್ತಂತೆ, ಅಜ್ಜನಿಗೂ. ಕೆಂಚಾರ್ಲಹಳ್ಳಿ ಕಡೆ ಅವರದು 'ತೂರಾಡೋರ ಮನೆ'. ಹೆಂಡದಂಗಡಿಗೆ ಕಾಸಿನ ವ್ಯಾಪಾರ ಕೊಡದೆಯೇ ಕುಡುಕರೆಂಬ ಬಿರುದು ಸಂಪಾದಿಸಿದ ವಂಶ. ಬೆಂಗಳೂರಿನ ಡಾಕ್ಟರು ಆ ಬಿರುದನ್ನು ತಿದ್ದಿದರು: ಇದು ಮೆದುಳಿನ ಕಾಯಿಲೆ, ರಕ್ತದಲ್ಲೇ ಇಳಿದು ಬರುವಂಥದು, ಗುಣಪಡಿಸುವ ಔಷಧಿಯಿಲ್ಲ. ಮಕ್ಕಳಿಗೆ ಬರಲೂಬಹುದು, ಬರದಿರಲೂಬಹುದು, ಅರ್ಧಕ್ಕರ್ಧ.

ಮೇಷ್ಟ್ರಿಗೆ ಇದ್ದವಳು ಒಬ್ಬಳೇ ಮಗಳು. ಗಂಡು ಹುಡುಕುತ್ತಿದ್ದರು.

ನನ್ನ ಜಗಲಿಯ ಮೇಲೆ ಕೂತು ಹೇಳಿದರು: "ಕುಡುಕನ ಮಗಳು ಅಂದ್ರೆ ಅಯ್ಯೋ ಪಾಪ ಅಂತ ಯಾರಾದ್ರೂ ಮಾಡ್ಕೊಂತಾರೆ ಸಾರ್. ಇದನ್ನ ಹೇಳಿದ್ರೆ ಯಾರು ಬಾಗ್ಲಿಗೆ ಬರ್ತಾರೆ? ನೀವೂ ಬಾಯ್ಬಿಡ್ಬೇಡಿ."

ಶಿಸ್ತಿನ ಮನುಷ್ಯ, ಕುಡುಕತನವನ್ನೂ ಶಿಸ್ತಾಗಿಯೇ ನಡೆಸಿದರು. ಬೇರೆಯವರು ಅತ್ತರು ಹಚ್ಚಿಕೊಳ್ಳುವಂತೆ ಅಂಗಿಯ ಕಾಲರಿಗೆ ಬ್ರಾಂದಿ ಹಚ್ಚಿಕೊಂಡು ಹೊರಡುವರು. ರೇಷ್ಮೆ ಗೂಡು ಬೇಯಿಸುವ ವಾಸನೆ ಬೀದಿಬೀದಿಗೂ ತುಂಬಿದ ಊರಿನಲ್ಲಿ ಬ್ರಾಂದಿ ತನ್ನ ಇರವನ್ನು ಸಾರಬೇಕಾದರೆ ಧಾರಾಳವಾಗಿಯೇ ಹಚ್ಚಬೇಕು. ಅವರ ಹೆಂಡತಿ ಸೊಪ್ಪಿನವಳ ಎದುರಿಗೇ, "ಇವತ್ತೂ ಹಾಕ್ಕೊಂಡ್ ಬಂದ್ರಾ? ನನ್ನ ಕರ್ಮ!" ಎಂದು ಬೀದಿಗೆ ಕೇಳುವಂತೆ ಬೈಯುವರು. ಬಾಗಿಲು ಮುಚ್ಚಿದ ಮೇಲೆ ಗೋಡೆಯಾಚೆಯಿಂದ ಸಣ್ಣ ದನಿ: "ನಿಧಾನ ರೀ, ಹೊಸಿಲು..."

ಮಗಳಿಗೆ ಹೇಳಿರಲಿಲ್ಲ. ಗೊತ್ತಾದರೆ ಮುಚ್ಚಿಡುವ ಹುಡುಗಿಯಲ್ಲ. ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ತಟ್ಟೆ ಮುಂದಕ್ಕೆ ತಳ್ಳಿ ಎದ್ದುಹೋಗುವಳು. "ಪಾತ್ರ ಚೆನ್ನಾಗಿ ಬರ್ತಾ ಇದೆ ಸಾರ್, ಮಗಳೂ ನಂಬವ್ಳೆ," ಎಂದು ಮೇಷ್ಟ್ರು ನಗಲು ಹೋಗಿ, ಮುಖವನ್ನು ಆ ಕಡೆ ತಿರುಗಿಸಿಕೊಂಡರು...

ಗೌರಿಬಿದನೂರಿನ ಕಡೆಯಿಂದ ಸಂಬಂಧ ಬಂತು. ಗಂಡಿನ ತಂದೆ ಬಲು ಉದಾರಿ. "ಗಂಡಸು ಅಂದ್ಮೇಲೆ ಒಂದಿಷ್ಟು ಇರುತ್ತೆ ಬಿಡಿ ಮೇಷ್ಟ್ರೇ, ನಮ್ದೇನೂ ಅಭ್ಯಂತರ ಇಲ್ಲ." ತಾಂಬೂಲ ಬದಲಾಯಿಸಲು ದಿನ ಗೊತ್ತಾಯಿತು.

ಆ ವಾರವೇ ಮೇಷ್ಟ್ರು ಜ್ವರ ಬಂದು, ತೂರಾಡುತ್ತ ಸ್ಕೂಲಿನಿಂದ ಬಂದವರೇ ಮಲಗಿಬಿಟ್ಟರು. ಹೆಂಡತಿ ಮಾತ್ರೆ ತರಲು ಹೋಗಿದ್ದರು. ಹಣೆಗೆ ಒದ್ದೆ ಬಟ್ಟೆ ಹಾಕಲು ಮಗಳು ಬಗ್ಗಿದಳು. ಆಮೇಲೆ ಅವಳೇ ನನಗೆ ಹೇಳಿದ್ದು: ವಾಸನೆ ಕಾಲರಿನಲ್ಲಿತ್ತು, ಉಸಿರಿನಲ್ಲಿ ಇರಲಿಲ್ಲ. ಗೋಡೆಯಾಚೆ ನನಗೆ ಕೇಳಿಸಿದ್ದು ಇಷ್ಟೇ: "ಬಾಯಿ ತೆಗಿ ಅಪ್ಪ... ಊದು." ಪೊಲೀಸಿನವರೂ ಅವರನ್ನು ಹಾಗೆ ಊದಿಸಿರಲಿಲ್ಲ. ಮಾತ್ರೆ ತಂದ ತಾಯಿಯಿಂದ ಅವಳು ಡಾಕ್ಟರು ಹೇಳಿದ್ದೆಲ್ಲವನ್ನೂ ಬಾಯಿಬಿಡಿಸಿದಳಂತೆ...

ತಾಂಬೂಲದ ದಿನ ಅವಳು ಎಲ್ಲರಿಗೂ ಕಾಫಿ ಕೊಟ್ಟು, ಒಳಗೆ ಹೋಗದೆ ಅಲ್ಲೇ ನಿಂತಳು.

"ನಮ್ಮಪ್ಪ ಕುಡಿಯಲ್ಲ. ಅವರದು ಕಾಯಿಲೆ. ನಂಗೂ ಬರಬಹುದು. ತಿಳ್ಕೊಂಡು ಒಪ್ಕೊಳಿ."

ಕುಡಿತಕ್ಕೆ ಅಭ್ಯಂತರವಿಲ್ಲದಿದ್ದ ಹಿರಿಯರು ಕಾಫಿ ಮುಗಿಸಿ, ಊರಿಗೆ ಹೋಗಿ ತಿಳಿಸುತ್ತೇವೆಂದು ಎದ್ದರು. ತಿಳಿಸಲಿಲ್ಲ. "ಏನ್ ಮಾಡ್ಬಿಟ್ಟೆ ಕಣಮ್ಮ," ಎನ್ನಲು ಹೊರಟ ಮೇಷ್ಟ್ರಿಗೆ ಮಾತು ಬಾಯಲ್ಲೇ ಕಲಸಿಹೋಯಿತು. ಅವಳು ಅವರ ತೋಳು ಹಿಡಿದು ಹಿತ್ತಲಿಗೆ ನಡೆಸಿಕೊಂಡು ಹೋಗಿ, ಅವರೆದುರಿಗೇ ಬಾಟಲಿಯನ್ನು ಮೋರಿಗೆ ಸುರಿದಳು.

ಆಮೇಲೆ ದಿನಾ ಸಂಜೆ ಅಪ್ಪನ ತೋಳು ಹಿಡಿದು ಸ್ಕೂಲಿನ ಮೈದಾನದಲ್ಲಿ ಓಡಾಡಿಸುವಳು. ಊರು ತನ್ನ ತೀರ್ಪನ್ನು ಬದಲಾಯಿಸಲಿಲ್ಲ. "ಮಗಳೇ ಹಿಡ್ಕೊಂಡು ನಡೆಸ್ಬೇಕು ನೋಡಿ, ಅಷ್ಟು ಕುಡೀತಾನೆ," ಎಂದಿತು.

ಬಸ್ಸು ಚಿಕ್ಕಬಳ್ಳಾಪುರ ತಲುಪಿತು. ಪಕ್ಕದ ಮಹಾಶಯ ಇಳಿದು, ಗೆರೆ ಎಳೆದ ಹಾಗೆ ನೆಟ್ಟಗೆ ನಡೆದುಹೋದ. ಮೇಷ್ಟ್ರು ಈಗಿಲ್ಲ. ಮೈದಾನದಲ್ಲಿ ಸುಣ್ಣದ ಗೆರೆ ಕಂಡರೆ ನಾನು ಈಗಲೂ ತುಳಿಯದೆ ಸುತ್ತಿಬಳಸಿ ಹೋಗುತ್ತೇನೆ...

ನಾನು ಅವತ್ತು ಬಂದದ್ದು ಅವರ ಮಗಳನ್ನು ನೋಡಲೆಂದೇ. ಇಲ್ಲೇ ಒಂದು ಸ್ಕೂಲಿನಲ್ಲಿ ಟೀಚರಾಗಿದ್ದಾಳೆ. ಮದುವೆಯಾಗಿಲ್ಲ. ಅಪ್ಪನ ಕಾಯಿಲೆ ತನಗೂ ಇಳಿದಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆಯನ್ನೂ ಮಾಡಿಸಿಕೊಂಡಿಲ್ಲ. ನನ್ನನ್ನು ಕಳಿಸಿಕೊಡಲು ಹೊರಗೆ ಬಂದಾಗ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು.